ಬೋರ್ಡು ಕಾಣಿಸಿದರೆ ಸಾಕೆ?

‘ಬೋರ್ಡಿನ ಮೇಲಿನದೆಲ್ಲ ಕಾಣಿಸುತ್ತೆ, ಪುಸ್ತಕ ತೆರೆದರೆ ಮಾತ್ರ ತಲೆನೋವಾ? ಇದು ನೋವಲ್ಲ, ನೆಪ!’

ಮಗಳಿಗೆ ಹೀಗೆ ಎಷ್ಟು ಸಲ ಗದರಿದ್ದೆನೋ ಲೆಕ್ಕವಿಲ್ಲ. ನಾನು ಮೇಷ್ಟ್ರು. ದಿನವಿಡೀ ಮಕ್ಕಳ ನೆಪಗಳನ್ನು ಕೇಳುವವನು. ಮನೆಯ ಮಗುವಿನ ಮಾತನ್ನೂ ಅದೇ ಕಂತೆಗೆ ಸೇರಿಸಿಬಿಟ್ಟಿದ್ದೆ.

ಇದು 2017ರ ಮಾತು. ಅವಳಾಗ ಆರನೇ ತರಗತಿ. ಕಥೆ ಹೇಳಿದರೆ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ‘ನೀನೇ ಓದು’ ಎಂದರೆ ಹತ್ತು ನಿಮಿಷಕ್ಕೆಲ್ಲ ಕಣ್ಣುಜ್ಜಿಕೊಳ್ಳುತ್ತಿದ್ದಳು, ಸಾಲು ಹಾರಿಸುತ್ತಿದ್ದಳು. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಓದುವ ಅಭ್ಯಾಸ ಬೇರೆ.

ಶಾಲೆಯ ತಪಾಸಣೆಯಲ್ಲಿ ಎರಡೂ ಕಣ್ಣು 6/6. ಇನ್ನೇನು ಬೇಕು? ನಮ್ಮಮ್ಮ ಹೊನಗೊನ್ನೆ ಸೊಪ್ಪಿನ ಪಲ್ಯ ಶುರುಮಾಡಿದರು. ಪಕ್ಕದ ಮನೆಯವರು ಟೀವಿಯನ್ನು ದೂರಿದರು. ‘ಕನ್ನಡಕ ಮಾತ್ರ ಹಾಕಿಸಬೇಡಿ ಸಾರ್, ಒಮ್ಮೆ ಹಾಕಿದರೆ ನಂಬರು ಏರುತ್ತಲೇ ಹೋಗುತ್ತೆ’ ಎಂದರು ಸಹೋದ್ಯೋಗಿಯೊಬ್ಬರು.

ಒಂದು ಸಂಜೆ ಮತ್ತೆ ಸಾಲು ತಪ್ಪಿದಾಗ ತಲೆಗೆ ಮೊಟಕಿದೆ. ಅವಳು ಅಳಲಿಲ್ಲ. ಮೆಲ್ಲಗೆ ಕೇಳಿದಳು: ‘ಅಪ್ಪಾ, ಅಕ್ಷರ ಎರಡೆರಡಾದಾಗ ನೀನು ಯಾವುದನ್ನ ಓದ್ತೀಯ?’

ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅವಳು ತಿಳಿದಿದ್ದಳು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರ ಕಣ್ಣಿನ ವೈದ್ಯರು ಔಷಧಿ ಹಾಕಿ ಒಳಗಣ್ಣೆಲ್ಲ ಪರೀಕ್ಷಿಸಿದ ಮೇಲೆ, ಒಂದು ಪೆನ್ಸಿಲನ್ನು ನಿಧಾನವಾಗಿ ಅವಳ ಮೂಗಿನತ್ತ ತಂದರು. 15 ಸೆಂಟಿಮೀಟರ್ ದೂರದಲ್ಲೇ ಅದು ಎರಡಾಯಿತು. ‘ಮೇಷ್ಟ್ರೇ, ದೂರದ್ದು ಕಾಣಿಸುವುದು ಬೇರೆ, ಹತ್ತಿರದ್ದನ್ನು ನೋಡಲು ಎರಡು ಕಣ್ಣೂ ಜೋಡೆತ್ತಿನಂತೆ ಒಳಮುಖವಾಗಿ ಒಟ್ಟಿಗೆ ತಿರುಗುವುದು ಬೇರೆ. ಇವಳ ಎತ್ತುಗಳು ಹೊಂದಿಕೊಳ್ಳುತ್ತಿಲ್ಲ’ ಎಂದರು. ಗೋಡೆಯ ಮೇಲಿನ ಅಕ್ಷರಪಟ ಇದನ್ನು ಹಿಡಿಯುವುದಿಲ್ಲವಂತೆ.

ಉಳಿದ ನಂಬಿಕೆಗಳಿಗೂ ಅಂದೇ ಉತ್ತರ ಸಿಕ್ಕಿತು. ಸೊಪ್ಪು, ಗಜ್ಜರಿಯಲ್ಲಿರುವ ಎ ಜೀವಸತ್ವ ಇರುಳುಗಣ್ಣನ್ನು ತಡೆಯುತ್ತದೆ, ನಂಬರನ್ನು ಇಳಿಸದು. ದೂರದೃಷ್ಟಿ ಮಂಜಾಗುವ ಮಕ್ಕಳಲ್ಲಿ ನಂಬರು ಏರುವುದು ಕಣ್ಣುಗುಡ್ಡೆ ಉದ್ದವಾಗುವುದರಿಂದ, ಕನ್ನಡಕದಿಂದಲ್ಲ. ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ದಣಿಯುತ್ತದೆ, ಕೆಡುವುದಿಲ್ಲ.

ಅವಳಿಗೆ 12 ವಾರಗಳ ದೃಷ್ಟಿ ತರಬೇತಿ ಹೇಳಿದರು. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಒಂದು ಗಂಟೆ, ಮನೆಯಲ್ಲಿ ದಿನಕ್ಕೆ ಕಾಲು ಗಂಟೆ. ದಾರಕ್ಕೆ ಪೋಣಿಸಿದ ಮೂರು ಬಣ್ಣದ ಮಣಿಗಳು. ಒಂದು ತುದಿ ಕಿಟಕಿಗೆ ಕಟ್ಟಿ, ಇನ್ನೊಂದನ್ನು ಮೂಗಿಗೆ ಹಿಡಿದು, ದೂರದ ಮಣಿಯಿಂದ ಹತ್ತಿರದ ಮಣಿಗೆ ನೋಟ ತರಬೇಕು. ಮೊದಲು ಬೇಸರ, ಕಣ್ಣೀರು. ಎಂಟನೇ ವಾರಕ್ಕೆ ತಲೆನೋವಿನ ಮಾತೇ ನಿಂತಿತು.

ಅಮೆರಿಕದಲ್ಲಿ 221 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ತರಬೇತಿ ಪಡೆದವರ ಪೈಕಿ ಸುಮಾರು ಶೇ. 73ರಷ್ಟು ಮಕ್ಕಳು ಗುಣವಾದರು ಇಲ್ಲವೇ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ಅಭ್ಯಾಸವನ್ನಷ್ಟೇ ಮಾಡಿದವರಲ್ಲಿ ಈ ಪ್ರಮಾಣ ಶೇ. 43. ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಇದರಿಂದ ಕನ್ನಡಕ ಬಿಡಿಸಲಾಗದು, ಡಿಸ್ಲೆಕ್ಸಿಯಾ ವಾಸಿಮಾಡಲಾಗದು. ಓದಿದ್ದನ್ನು ಗ್ರಹಿಸುವ ಶಕ್ತಿ ಈ ತರಬೇತಿಯಿಂದಲೇ ಹೆಚ್ಚುವುದಿಲ್ಲವೆಂದು 2019ರ ಇನ್ನೊಂದು ಅಧ್ಯಯನ ಹೇಳಿದೆ. ಅಂಕ ಹೆಚ್ಚುತ್ತದೆಂದು ಆಸೆ ತೋರಿಸಿ ದುಡ್ಡು ಕೇಳುವವರ ಬಗ್ಗೆ ಪೋಷಕರು ಎಚ್ಚರದಿಂದಿರಬೇಕು.

ನನ್ನ ಮಗಳ ಅಂಕಗಳೂ ಆ ವರ್ಷ ಅಷ್ಟಕ್ಕಷ್ಟೇ. ಆದರೆ ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಯಾರೂ ಹೇಳದೆ, ಎರಡೂ ಕಣ್ಣು ತೆರೆದು, ಜಗಲಿಯಲ್ಲಿ ಕುಳಿತು ಕಥೆಪುಸ್ತಕ ಓದುತ್ತಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಈಗ ನನ್ನ ತರಗತಿಯಲ್ಲಿ ಯಾರಾದರೂ ಸಾಲು ತಪ್ಪಿದರೆ ಗದರುವುದಿಲ್ಲ. ಹತ್ತಿರ ಕರೆದು, ‘ಅಕ್ಷರ ಹೇಗೆ ಕಾಣಿಸುತ್ತೆ ಮರಿ?’ ಎಂದು ಕೇಳುತ್ತೇನೆ. ನೀವೂ ಒಮ್ಮೆ ನಿಮ್ಮ ಮಗುವನ್ನು ಕೇಳಿ ನೋಡಿ.