ಸುರಂಗದ ಬಾಯಲ್ಲಿ ತೆಗೆದ ಚಿತ್ರ

ಎಣ್ಮಕಜೆಯ ಗುಡ್ಡಗಳ ಬುಡದಲ್ಲಿ ಮನೆ ಮಾಡಿಕೊಂಡವರಿಗೆ ಸುರಂಗವೆಂದರೇನೆಂದು ವಿವರಿಸಬೇಕಾಗಿಲ್ಲ. ಪೆರ್ಲ, ಪಡ್ರೆ, ಸ್ವರ್ಗ, ಬಾಯಾರುಗಳ ಕಡೆಯ ಓದುಗರಲ್ಲಿ ಅನೇಕರು ಅದರ ನೀರನ್ನೇ ಕುಡಿದು ಬೆಳೆದವರು. ದೂರದ ಪಟ್ಟಣಗಳಲ್ಲಿ ನೆಲೆಸಿದವರ ಮಕ್ಕಳಿಗಾಗಿ ಇಷ್ಟು ಹೇಳಿದರೆ ಸಾಕು: ಮುರಕಲ್ಲಿನ ಗುಡ್ಡದೊಳಕ್ಕೆ, ಒಬ್ಬ ಮನುಷ್ಯ ನಡೆದುಹೋಗುವಷ್ಟು ಅಗಲದಲ್ಲಿ, ಅಡ್ಡಲಾಗಿ ಕೊರೆದ ದಾರಿ ಅದು. ಒಳಗೆ ಒಸರಿದ ನೀರು ಪಂಪಿನ ಹಂಗಿಲ್ಲದೆ ತಾನಾಗಿಯೇ ಹೊರಗೆ ಹರಿದುಬರುತ್ತದೆ.

ನಮ್ಮ ಮನೆಯ ಸುರಂಗವನ್ನು ಕೊರೆದವರಲ್ಲಿ ಕೊನೆಗೆ ಉಳಿದವರು ಒಬ್ಬ ಅಜ್ಜ. ಮೇಣದ ಬತ್ತಿಯನ್ನು ಪಕ್ಕದಲ್ಲಿ ಉರಿಸಿಟ್ಟು, ಅದು ಆರುವಂತಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದ ಕಾಲದ ಕೆಲಸಗಾರರು. ಕಳೆದ ಬೇಸಗೆಯಲ್ಲಿ ಅವರನ್ನು ಒತ್ತಾಯದಿಂದ ಕರೆತಂದು, ಪಿಕ್ಕಾಸು ಕೈಗಿತ್ತು, ಸುರಂಗದ ಬಾಯಲ್ಲಿ ನಿಲ್ಲಿಸಿ ಒಳಗಿನಿಂದ ಚಿತ್ರ ತೆಗೆದೆವು. ಗುರುತು ಚೀಟಿಯ ಚಿತ್ರವನ್ನು ಬಿಟ್ಟರೆ ಅವರದೆಂಬ ಬೇರೊಂದು ಚಿತ್ರ ಆ ಮನೆಯಲ್ಲಿರಲಿಲ್ಲ. ಆಟಿ ತಿಂಗಳಲ್ಲಿ ಅವರು ತೀರಿಕೊಂಡರು. ಬೊಜ್ಜದ ದಿನ ಇಡಲು ಒಂದು ಚಿತ್ರ ಬೇಕೆಂದು ಅವರ ಮನೆಯಿಂದ ಹೇಳಿಕಳುಹಿಸಿದಾಗ, ನಾವು ಅಲ್ಲಿಯವರೆಗೆ ತೆರೆದೂ ನೋಡದಿದ್ದ ಕಡತಗಳನ್ನು ಗಣಕಯಂತ್ರಕ್ಕೆ ಇಳಿಸಿದೆವು.

ನೋಡಿದರೆ ಎದೆ ಧಸಕ್ಕೆಂದಿತು. ಸುರಂಗದ ಬಾಯಿ ಸುಣ್ಣ ಬಳಿದಂತೆ ಬೆಳ್ಳಗೆ; ಅಜ್ಜನ ಮುಖ ಮಸಿಯಂತೆ ಕಪ್ಪು. ಕಣ್ಣು ಮೂಗುಗಳ ಗುರುತೇ ಇಲ್ಲ.

ಬೆಂಗಳೂರಿನಲ್ಲಿರುವ ಸೋದರಳಿಯನಿಗೆ ಫೋನು ಮಾಡಿದೆವು. ಅವನು ನಕ್ಕು, "ಮಾವ, ನೀವು ನೋಡಿದ್ದು ಜೆಪೆಗ್ ಪ್ರತಿ. ಅದರ ಜೊತೆಗೇ ರಾ ಕಡತವೂ ಇರುವಂತೆ ನಾನು ಕ್ಯಾಮರಾ ಹೊಂದಿಸಿಟ್ಟಿದ್ದೇನೆ. ಅದನ್ನು ತೆರೆಯಿರಿ" ಎಂದ. ಹೋದ ಜೀವ ಬಂದಂತಾಯಿತು. ಆದರೆ ತೆರೆಯುವುದು ಯಾವುದರಲ್ಲಿ?

ಅಡಿಕೆ ಬೆಳೆಯುವವರಿಗೆ ಇದು ಸುಲಭವಾಗಿ ಅರ್ಥವಾದೀತು. ರಾ ಕಡತವೆಂದರೆ ಅಂಗಳಕ್ಕೆ ಬಂದ ಹಣ್ಣಡಿಕೆ. ಜೆಪೆಗ್ ಎಂದರೆ ಒಣಗಿಸಿ, ಸುಲಿದು, ಆರಿಸಿಟ್ಟ ಚಾಲಿ. ಸುಲಿದ ಚಾಲಿಯನ್ನು ಮರಳಿ ಹಣ್ಣು ಮಾಡಲಾಗದು. ಕ್ಯಾಮರಾ ತನ್ನೊಳಗೆ ಅವಸರದಲ್ಲಿ ಮಾಡಿಬಿಡುವ ಆ ಸಂಸ್ಕರಣೆಯನ್ನು ಮನೆಯಲ್ಲಿ ನಿಧಾನವಾಗಿ ನಮ್ಮ ಇಚ್ಛೆಯಂತೆ ಮಾಡುವ ಸಾಧನವೇ ರಾ ಪರಿವರ್ತಕ ತಂತ್ರಾಂಶ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಾದರೆ, 14 ಬಿಟ್ಟಿನ ರಾ ಕಡತದಲ್ಲಿ 16,384 ಮೆಟ್ಟಿಲುಗಳು. ಕತ್ತಲೆಯಲ್ಲಿ ಅಡಗಿದ ಮುಖ ಹೊರಬರುವುದು ಆ ಹೆಚ್ಚಿನ ಮೆಟ್ಟಿಲುಗಳಿಂದ. ಆದರೆ ಬೆಳಕು ಮಿತಿಮೀರಿ ದಾಖಲಾಗದೆ ಹೋದ ಜಾಗದಲ್ಲಿ ಯಾವ ತಂತ್ರಾಂಶವೂ ಇದ್ದುದನ್ನು ಮರಳಿ ತಾರದು.

ಇನ್ನೊಂದು ಸ್ವಾರಸ್ಯ. ಕ್ಯಾಮರಾದ ಸಂವೇದಕದ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಕಾಣುತ್ತದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಪತ್ರ ಪಡೆದ ಜೋಡಣೆಯಂತೆ ಅರ್ಧ ಬಿಂದುಗಳು ಹಸುರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಉಳಿದ ಬಣ್ಣಗಳನ್ನು ನೆರೆಯ ಬಿಂದುಗಳಿಂದ ಊಹಿಸಿ ತುಂಬುವುದು ತಂತ್ರಾಂಶದ ಕೆಲಸ. ಆದುದರಿಂದಲೇ ಒಂದೇ ಕಡತ ಮೂರು ತಂತ್ರಾಂಶಗಳಲ್ಲಿ ಮೂರು ಬಗೆಯಾಗಿ ಕಾಣುತ್ತದೆ. ಹಿಂದೆ ಒಂದೇ ನೆಗೆಟಿವಿನಿಂದ ಎರಡು ಸ್ಟುಡಿಯೋದವರು ಎರಡು ಬಗೆಯ ಮದುಮಗಳನ್ನು ಮೂಡಿಸಿಕೊಡುತ್ತಿದ್ದುದನ್ನು ಹಿರಿಯರು ಮರೆತಿರಲಾರರು.

ಆಯ್ಕೆಯಲ್ಲಿ ನಮಗೊಂದು ಹಳೆಯ ಅಳುಕಿತ್ತು. ವರ್ಷಗಳ ಹಿಂದೆ ಹಣ ಕೊಟ್ಟು ಕೊಂಡ ತಂತ್ರಾಂಶವೊಂದರಲ್ಲಿ ತಂದೆಯವರ ಕೊನೆಯ ದಿನಗಳ ಚಿತ್ರಗಳನ್ನೆಲ್ಲ ರಾತ್ರಿಗಟ್ಟಲೆ ಕುಳಿತು ತಿದ್ದಿದ್ದೆವು. ಹೊಸ ಗಣಕಯಂತ್ರ ಬಂದಾಗ ಅದು ತೆರೆಯಲಿಲ್ಲ. ತಯಾರಕರು ಅದನ್ನು ಕೈಬಿಟ್ಟಾಗಿತ್ತು. ಮೂಲ ಕಡತಗಳು ಉಳಿದವು, ತಿದ್ದಿದ ಶ್ರಮವೆಲ್ಲ ಅದರ ಹೊಟ್ಟೆಯೊಳಗೇ ಹೋಯಿತು. ಇದು ನಮಗೊಬ್ಬರಿಗೇ ಬಂದ ಕಷ್ಟವೇನಲ್ಲ. 2005ರಲ್ಲಿ ಬಂದು ಹೆಸರು ಮಾಡಿದ ಆಪಲ್ ಸಂಸ್ಥೆಯ ಅಪರ್ಚರ್ ಕೂಡ 2014ರಲ್ಲಿ ಬೆಳವಣಿಗೆ ನಿಲ್ಲಿಸಿತು.

ಈ ಸಲ ಅಳಿಯನೊಡನೆ ಫೋನಿನಲ್ಲಿ ಚರ್ಚಿಸುತ್ತ, ನಡುನಡುವೆ ಕೈಕೊಡುವ ಕರೆಂಟನ್ನು ಕಾಯುತ್ತ, ಒಂದೊಂದನ್ನೇ ತೂಗಿ ನೋಡಿದೆವು. ಅಡೋಬಿಯವರ ಲೈಟ್‌ರೂಮ್ ಬಳಕೆಗೆ ಸುಲಭ, ಕಲಿಸುವವರೂ ಬೇಕಾದಷ್ಟು. ಆದರೆ ಒಮ್ಮೆ ಹಣ ತೆತ್ತು ಇಟ್ಟುಕೊಳ್ಳುವ ಕ್ರಮ 2015ರ ಆರನೆಯ ಆವೃತ್ತಿಗೇ ಮುಗಿದು, ಈಗ ಚಂದಾ ಕಟ್ಟಬೇಕು. ಚಂದಾ ನಿಂತರೆ ಅದರ ಕ್ಲಾಸಿಕ್ ಆವೃತ್ತಿಯಲ್ಲಿ ಚಿತ್ರ ನೋಡಬಹುದು, ತಿದ್ದುವ ಕೋಣೆಗೆ ಬೀಗ. ಕ್ಯಾಪ್ಚರ್ ಒನ್ ಬಣ್ಣಕ್ಕೆ ಹೆಸರುವಾಸಿ, ಚಂದಾ ಇಲ್ಲದೆಯೂ ಸಿಗುತ್ತದೆ. ಬೆಲೆ ನಮ್ಮಂಥವರ ಕೈಗೆ ಭಾರ. ನಮ್ಮದು ನಿಕಾನ್ ಕ್ಯಾಮರಾ ಆದುದರಿಂದ ಅವರೇ 2021ರಲ್ಲಿ ಹೊರತಂದ ಎನ್‌ಎಕ್ಸ್ ಸ್ಟುಡಿಯೋ ಉಚಿತವಾಗಿ ದೊರೆಯಿತು, ಕ್ಯಾಮರಾ ತೋರಿಸಿದ ಬಣ್ಣವನ್ನೇ ತೋರಿಸಿತು. ಆದರೆ ನಾಳೆ ಬೇರೆ ಕ್ಯಾಮರಾ ಕೊಂಡರೆ ಅದರ ರಾ ಕಡತಕ್ಕೆ ಇದು ಒದಗದು. ಉಳಿದವು ಡಾರ್ಕ್‌ಟೇಬಲ್ ಮತ್ತು ರಾಥೆರಪಿ. ಎರಡೂ ಮುಕ್ತ ತಂತ್ರಾಂಶಗಳು. ಹಲವು ದೇಶಗಳ ಆಸಕ್ತರು ಕೂಡಿ ಬೆಳೆಸಿದವು. ಕಲಿಯುವುದು ಕಷ್ಟ, ಗುಂಡಿಗಳ ಕಾಡೇ ಇದೆ. ಆದರೆ ನಾವು ಮಾಡಿದ ತಿದ್ದುಪಡಿಯನ್ನು ಪ್ರತಿಯೊಂದು ಚಿತ್ರದ ಪಕ್ಕದಲ್ಲೇ ಪುಟ್ಟ ಪಠ್ಯ ಕಡತವಾಗಿ ಬರೆದಿಡುತ್ತವೆ. ಮೂಲವನ್ನು ಮುಟ್ಟುವುದಿಲ್ಲ. ನಮ್ಮ ಹಳೆಯ ಗಾಯಕ್ಕೆ ಮದ್ದು ಅಲ್ಲಿತ್ತು. ಡಾರ್ಕ್‌ಟೇಬಲನ್ನು ಆರಿಸಿದೆವು.

ಮೂರು ಸಂಜೆಗಳಲ್ಲಿ ಅಜ್ಜನ ಮುಖ ನಿಧಾನವಾಗಿ ಕತ್ತಲೆಯಿಂದ ಈಚೆ ಬಂತು. ಹೊರಗಿನಿಂದ ಅಡಿಕೆ ತೋಟದ ಹಸುರು ಬೆಳಕು, ಗೋಡೆಯಿಂದ ಮುರಕಲ್ಲಿನ ಕೆಂಪು, ನಮ್ಮ ಟಾರ್ಚಿನ ತಣ್ಣಗಿನ ಬಿಳಿ. ಮೂರೂ ಒಂದೇ ಮುಖದ ಮೇಲೆ. ಎತ್ತಿದ ನೆರಳಿನ ತುಂಬ ಮರಳು ಚೆಲ್ಲಿದಂತೆ ಚುಕ್ಕೆಗಳು. ಕೃತಕ ಬುದ್ಧಿಯಿಂದ ಚುಕ್ಕೆ ತೆಗೆಯುವ ಸಾಧನವೊಂದನ್ನೂ ಪರೀಕ್ಷಿಸಿದೆವು. ಚುಕ್ಕೆಗಳೊಡನೆ ಪಿಕ್ಕಾಸು ಹಿಡಿದ ಬೆರಳುಗಳ ಬಿರುಕುಗಳೂ ಮಾಯವಾಗಿ, ಕೈ ಗುಮಾಸ್ತರ ಕೈಯಂತಾಯಿತು. ಅದನ್ನು ಬಿಟ್ಟು, ಚುಕ್ಕೆಗಳನ್ನು ಸ್ವಲ್ಪ ಉಳಿಸಿಕೊಂಡೆವು. ಕೊನೆಗೆ ಮುಖವನ್ನು ಚೆನ್ನಾಗಿ ಬೆಳಗಿಸಿ, ಒಂದು ಪ್ರತಿ ಮುದ್ರಿಸಿ, ಹೆಮ್ಮೆಯಿಂದಲೇ ಅವರ ಮನೆಗೆ ಒಯ್ದೆವು.

ಅಜ್ಜಿ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಳಿಕ ತುಳುವಿನಲ್ಲಿ, "ಚಂದ ಬಂದಿದೆ ಮಗಾ. ಆದರೆ ಇವರು ಇಷ್ಟು ಬೆಳ್ಳಗೆ ಇದ್ದದ್ದು ಯಾವಾಗ?" ಎಂದರು.

ನಮಗೆ ಉತ್ತರ ತೋಚಲಿಲ್ಲ. ನಮ್ಮ ಊರಿನ ಹೆಸರು ಹೊರಗೆ ತಿಳಿದುದೇ ಚಿತ್ರಗಳಿಂದ. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದರ ಸಂಕಟವನ್ನು ಲೋಕಕ್ಕೆ ಕಾಣಿಸಿದುದರಲ್ಲಿ ಛಾಯಾಗ್ರಾಹಕ ಮಧುರಾಜ್ ಅವರ ಪಾಲು ದೊಡ್ಡದು. ಆ ಚಿತ್ರಗಳು ಬೇಕಾಗಿದ್ದವು. ಆದರೆ ಈ ಮಣ್ಣಿನವರು ಬೇನೆ ಉಂಡವರು ಮಾತ್ರವಲ್ಲ, ಗುಡ್ಡ ಕೊರೆದು ನೀರು ತಂದವರು ಕೂಡ ಎಂಬುದನ್ನು ತೋರಿಸಬೇಕೆಂದೇ ನಾವು ಅಜ್ಜನ ಕೈಗೆ ಪಿಕ್ಕಾಸು ಕೊಟ್ಟಿದ್ದು. ಹಾಗೆಂದುಕೊಂಡ ನಾವೇ, ಬಿಸಿಲಿಗೂ ಕೆಂಪು ಮಣ್ಣಿಗೂ ಮಾಗಿದ ಆ ಮುಖಕ್ಕೆ ಕೇಳದ ಬಿಳುಪನ್ನು ಬಳಿದಿದ್ದೆವು. ತಂತ್ರಾಂಶದ ತಪ್ಪೇನಿರಲಿಲ್ಲ, ಬೆಳಗಿಸಿದ ಕೈ ನಮ್ಮದು.

ಮನೆಗೆ ಮರಳಿ ಮತ್ತೆ ಕಡತ ತೆರೆದೆವು. ಮೊದಲಿನ ತಿದ್ದುಪಡಿ ಹೆಜ್ಜೆ ಹೆಜ್ಜೆಯಾಗಿ ಅಲ್ಲೇ ಇತ್ತು. ಎಲ್ಲವನ್ನೂ ಹೊಸತಾಗಿ ಮಾಡಬೇಕಾಗಲಿಲ್ಲ, ಬೆಳಕಿನ ಎರಡು ಹೆಜ್ಜೆಗಳನ್ನು ಹಿಂದಕ್ಕೆ ತಂದರೆ ಸಾಕಾಯಿತು. ಈ ಸಲ ಅಜ್ಜಿಯ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆವು. ಅವನು "ಇನ್ನೂ ಸ್ವಲ್ಪ", "ಇಲ್ಲ, ಅಷ್ಟು ಬೇಡ" ಎನ್ನುತ್ತ ಹೋದ. ನಾವು ಅವನು ಹೇಳಿದಲ್ಲಿ ನಿಲ್ಲಿಸಿದೆವು. ಬೊಜ್ಜದ ದಿನ ಅಂಗಳದ ಚಪ್ಪರದಡಿಯಲ್ಲಿ ಅಜ್ಜ ತಮ್ಮದೇ ಬಣ್ಣದಲ್ಲಿ ಕುಳಿತಿದ್ದರು. ಬಂದವರಲ್ಲಿ ಯಾರೂ ಚಿತ್ರ ಹೇಗೆ ತೆಗೆದಿರೆಂದು ಕೇಳಲಿಲ್ಲ. ಯಾವ ಸುರಂಗ, ಎಷ್ಟು ಕೋಲು ಒಳಗೆ ನೀರು ಸಿಕ್ಕಿತು ಎಂದೇ ಕೇಳಿದರು.

ಓದುಗರಲ್ಲಿ ಇಂಥ ಆಯ್ಕೆಯ ಮುಂದೆ ನಿಂತವರಿಗೆ ನಮ್ಮ ಅನುಭವದ ಮಾತು ಇಷ್ಟೆ. ಮುಖ್ಯವಾದ ಚಿತ್ರಗಳನ್ನು ರಾ ಕಡತವಾಗಿಯೂ ತೆಗೆಯಿರಿ. ಯಾವ ತಂತ್ರಾಂಶವನ್ನಾದರೂ ಆರಿಸಿ, ಆದರೆ ಕೊಳ್ಳುವ ಮೊದಲು ನಿಮ್ಮದೇ ಕತ್ತಲೆಯ ಚಿತ್ರವೊಂದನ್ನು ಅದರಲ್ಲಿ ಪರೀಕ್ಷಿಸಿ. ತಿದ್ದಿದ ಶ್ರಮ ಎಲ್ಲಿ ಉಳಿಯುತ್ತದೆಂದು ಕೇಳಿಕೊಳ್ಳಿ. ಮೂಲವನ್ನು ಎರಡು ಬೇರೆ ತಟ್ಟೆಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ.

ಅಜ್ಜನ ಕಡತದ ಒಂದು ಪ್ರತಿ ಈಗ ಅವರ ಮೊಮ್ಮಗನ ಬಳಿಯಲ್ಲಿದೆ, ತಿದ್ದುಪಡಿಯ ಪುಟ್ಟ ಕಡತವೂ ಜೊತೆಗಿದೆ. ಮುಂದೊಂದು ದಿನ ನಾವು ಮಾಡಿದ್ದು ಸರಿಯಿಲ್ಲವೆಂದು ತೋರಿದರೆ ಅವನೇ ಬದಲಾಯಿಸಿಕೊಳ್ಳಬಹುದು.