ಓದಿ ನೋಡಿ ಸಹಿ ಹಾಕು

ಯೂನಿಯನ್ ಎಂದರೆ ಹೊರಗಿನವರಿಗೆ ಕಾಣುವುದು ಮುಷ್ಕರ ಮತ್ತು ಗೇಟಿನ ಮುಂದಿನ ಘೋಷಣೆ. ನನಗೆ ಮೊದಲು ನೆನಪಾಗುವುದು ಒಂದು ಮೇಜು, ನಾಲ್ಕು ಕುರ್ಚಿ, ಕಾರ್ಬನ್ ಹಾಳೆ ಇಟ್ಟು ಬರೆಯುತ್ತಿದ್ದ ವಿಚಾರಣೆಯ ನಡಾವಳಿ. ಸಂಬಳ ಹೆಚ್ಚಿಸಿಕೊಟ್ಟದ್ದಕ್ಕೂ ಬೋನಸ್ ಕೊಡಿಸಿದ್ದಕ್ಕೂ ಸಂಘಕ್ಕೆ ನಾನು ಋಣಿಯೇ. ಆದರೆ ಆ ಕೋಣೆಯಲ್ಲಿ ನನ್ನ ಪಕ್ಕ ಒಬ್ಬರು ಕೂತರಲ್ಲ, ಅದರ ಋಣ ದೊಡ್ಡದು.

ಎಂಬತ್ತರ ದಶಕದ ಕೊನೆ. ಪೀಣ್ಯದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ನನ್ನ ಕೆಲಸ. ತಗಡನ್ನು ಡೈ ಮೇಲಿಟ್ಟು ಪೆಡಲ್ ಒತ್ತಿದರೆ ಮೇಲಿನ ರ‍್ಯಾಮ್ ಇಳಿದು ತುಂಡು ಕತ್ತರಿಸುತ್ತದೆ. ಕ್ಲಚ್ಚಿನ ಪಿನ್ ಸವೆದಿದ್ದರೆ ಒಂದೇ ಸಲ ಒತ್ತಿದರೂ ರ‍್ಯಾಮ್ ಎರಡು ಸಲ ಇಳಿಯುವುದುಂಟು. ತುಂಡು ತೆಗೆಯಲು ಬೆರಳು ಒಳಗೆ ಹೋಗಿರುತ್ತದೆ, ಆಗಲೇ ಎರಡನೆಯ ಏಟು. ಅದಕ್ಕೇ ಮುಂದೆ ಗಾರ್ಡ್ ಇರಬೇಕು. ಗಾರ್ಡ್ ಇದ್ದರೆ ಕೈ ನಿಧಾನ, ಪೀಸು ಕಡಿಮೆ. ಹಾಗಾಗಿ ಅದು ಬಿಚ್ಚಿದಂತೆಯೇ ಇರುತ್ತಿತ್ತು. ತೋರುಬೆರಳು ಇಲ್ಲದವರು, ಎರಡು ಬೆರಳು ಅರ್ಧಕ್ಕೇ ನಿಂತವರು ನಮ್ಮ ಸಾಲಿನಲ್ಲೇ ಊಟಕ್ಕೆ ಕೂರುತ್ತಿದ್ದರು. ಅನ್ನ ಕಲಸುವಾಗ ಅವರ ಕೈ ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಒಂದು ಸೆಕೆಂಡ್ ಶಿಫ್ಟಿನಲ್ಲಿ ನನ್ನ ಮೆಷಿನ್ ಎರಡು ಏಟು ಹೊಡೆಯಲು ಶುರುಮಾಡಿತು. ಸರಿಮಾಡಿಸಿ, ಗಾರ್ಡ್ ಹಾಕಿಸಿ, ಆಮೇಲೆ ಕೂರುತ್ತೇನೆ ಎಂದೆ. ಮರುದಿನ ಚಾರ್ಜ್‌ಶೀಟ್ ಬಂತು: ಮೇಲಧಿಕಾರಿಯ ಆದೇಶ ಧಿಕ್ಕರಿಸಿದ್ದು, ಉತ್ಪಾದನೆಗೆ ಅಡ್ಡಿ ಮಾಡಿದ್ದು. ಜೊತೆಗೆ ಸಸ್ಪೆನ್ಷನ್. ಅರ್ಧ ಸಂಬಳದಲ್ಲಿ ಮನೆ ನಡೆಯಬೇಕು.

ವಿಚಾರಣೆಗೆ ಸಾಮಾನ್ಯವಾಗಿ ವಕೀಲರನ್ನು ಬಿಡುವುದಿಲ್ಲ; ಸಹೋದ್ಯೋಗಿಯನ್ನೋ ಸಂಘದ ಪದಾಧಿಕಾರಿಯನ್ನೋ ಕರೆದೊಯ್ಯಬಹುದು. ನಮ್ಮ ಸಂಘದ ಕಾರ್ಯದರ್ಶಿ ಬಂದರು. ಟೂಲ್ ರೂಮಿನ ಫಿಟ್ಟರ್, ಓದಿದ್ದು ಐಟಿಐ. ಎಲ್ಲರಿಗೂ ಅವರು ಅಣ್ಣ. ಒಳಗೆ ಹೋಗುವ ಮೊದಲು ಅವರು ಹೇಳಿದ್ದು ಇಷ್ಟೇ: "ಬರ್ದಿದ್ದನ್ನ ಜೋರಾಗಿ ಓದಪ್ಪ. ನೀನು ಹೇಳ್ದೇ ಇರೋದು ಒಂದಕ್ಷರ ಇದ್ರೂ ಸಹಿ ಹಾಕ್ಬೇಡ. ಆತುರ ಅವರಿಗಿರ್ಲಿ."

ವಿಚಾರಣಾಧಿಕಾರಿ ಬರೆಸಿದ್ದು, ನೌಕರರು ಕೆಲಸ ಮಾಡಲು ನಿರಾಕರಿಸಿದ್ದನ್ನು ಒಪ್ಪಿಕೊಂಡಿರುತ್ತಾರೆ ಎಂದು. ನಾನು ಓದಿ ನಿಲ್ಲಿಸಿದೆ. ಗಾರ್ಡ್ ಇಲ್ಲದ ಯಂತ್ರದಲ್ಲಿ ಎಂದು ಸೇರ್ಪಡೆ ಮಾಡಿಸಲು ಮುಕ್ಕಾಲು ಗಂಟೆಯೇ ಹಿಡಿಯಿತು. ಸೂಪರ್‌ವೈಸರ್ ಸಾಕ್ಷಿ ಹೇಳಿದ ಮೇಲೆ ಅಣ್ಣ ಪಾಟೀಸವಾಲಿಗೆ ಎದ್ದರು. ದನಿ ಏರಿಸಲಿಲ್ಲ.

"ಆವತ್ತು ಗಾರ್ಡ್ ಇತ್ತಾ ಸಾರ್?"

"ಮೇಂಟೆನೆನ್ಸ್‌ಗೆ ಹೋಗಿತ್ತು."

"ಯಾವಾಗ ಹೋಗಿತ್ತು?"

ಅವರು ಉತ್ತರ ಕೊಡಲಿಲ್ಲ. ಅಣ್ಣ ವಿಚಾರಣಾಧಿಕಾರಿಯ ಕಡೆ ತಿರುಗಿ, ಸಾಕ್ಷಿ ಉತ್ತರಿಸಲಿಲ್ಲ ಅಂತ ಬರ್ಕೊಳ್ಳಿ ಸಾರ್, ಎಂದರು. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮನ್ನೂ ಓದಿ ಹೇಳಿದರು: ಯಂತ್ರದ ಅಪಾಯದ ಭಾಗಕ್ಕೆ ಭದ್ರವಾದ ರಕ್ಷಣೆ ಇರಲೇಬೇಕು. ಎಚ್ಚರಿಕೆ ಪತ್ರವೊಂದನ್ನು ಕೊಟ್ಟು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಅದಕ್ಕಿಂತ ಮುಖ್ಯವಾಗಿ, ಶಾಪಿನ ಪ್ರತಿ ಪ್ರೆಸ್ಸಿಗೂ ಗಾರ್ಡ್ ಬಂತು. ಒಬ್ಬನೇ ಹೋಗಿ ಅಂಗಲಾಚಿದ್ದರೆ ನನಗೆ ಕ್ಷಮೆ ಸಿಗುತ್ತಿತ್ತೇನೋ, ಗಾರ್ಡ್ ಬರುತ್ತಿರಲಿಲ್ಲ.

ಅಣ್ಣನ ಹಿರಿಯಣ್ಣ ಜಾಲಹಳ್ಳಿಯ ಎಚ್‌ಎಂಟಿಯಲ್ಲಿದ್ದವರು. 1980ರ ಡಿಸೆಂಬರ್ ಕೊನೆಗೆ ಶುರುವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರವನ್ನು ಆ ಮನೆ ಕಂಡಿತ್ತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಒಟ್ಟಿಗೆ ನಿಂತ ಮುಷ್ಕರ; ಬಿಎಚ್‌ಇಎಲ್‌ನವರ ಸಮಕ್ಕೆ ಸಂಬಳ ಕೊಡಿ ಎಂಬ ಬೇಡಿಕೆ. ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ ದಿನಸಿ ಅಂಗಡಿಯ ಸಾಲ ಏರಿತು, ಕೇಳಿದ್ದು ಸಿಗಲಿಲ್ಲ, ಜನ ಮತ್ತೆ ಕೆಲಸಕ್ಕೆ ಹೋದರು. ಸೋತ ಮುಷ್ಕರವೆಂದು ಅದನ್ನು ತಳ್ಳಿಹಾಕುವವರ ಮಾತು ನಾನು ಒಪ್ಪುವುದಿಲ್ಲ. ಕಾಯ್ದೆಪುಸ್ತಕ ಓದುವ ನಮ್ಮ ಅಣ್ಣನಂಥವರು ಸುತ್ತಲಿನ ಸಣ್ಣ ಕಾರ್ಖಾನೆಗಳಿಗೆ ಬಂದದ್ದು ಅಂಥ ಮನೆಗಳಿಂದಲೇ.

ಆದರೆ ನಾವು ಕಟ್ಟಿದ ಸಂಘ ಎಲ್ಲಿ ನಿಂತುಹೋಯಿತು ಎಂಬುದನ್ನೂ ಹೇಳಬೇಕು. ತೊಂಬತ್ತರ ದಶಕದ ನಂತರ ಅದೇ ಸಾಲಿಗೆ ಕಾಂಟ್ರ್ಯಾಕ್ಟ್ ಹುಡುಗರು ಬಂದರು. ಪ್ರೆಸ್ ಅದೇ, ಪೀಸು ಅದೇ, ಯೂನಿಫಾರಂ ಬಣ್ಣ ಬೇರೆ. ವೇತನ ಒಪ್ಪಂದಕ್ಕೆ ಸಹಿ ಬಿದ್ದಾಗ ನಾವು ಸಿಹಿ ಹಂಚಿದೆವು. ಅವರೂ ತಿಂದರು, ಒಪ್ಪಂದದಲ್ಲಿ ಅವರ ಸುದ್ದಿಯೇ ಇರಲಿಲ್ಲ. ಅವರಿಗೆ ಚಾರ್ಜ್‌ಶೀಟ್ ಇಲ್ಲ, ವಿಚಾರಣೆ ಇಲ್ಲ. ನಾಳೆಯಿಂದ ಬರಬೇಡ ಎಂದು ಕಾಂಟ್ರ್ಯಾಕ್ಟರ್ ಫೋನ್ ಮಾಡಿದರೆ ಮುಗಿಯಿತು.

2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮ ಬಿಗಿಯಾಯಿತೆಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಮಾಲೀಕರು ಕಟ್ಟಿದ ಪಾಲು 58 ವರ್ಷದವರೆಗೆ ಕೈಗೆ ಬಾರದು ಎಂಬ ನಿಯಮ ಅದು. ಮಗಳ ಮದುವೆಗೋ ಊರಿನ ಸಾಲಕ್ಕೋ ಆ ದುಡ್ಡನ್ನೇ ನಂಬಿದವರು ಅವರು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ನಮ್ಮಂಥ ಹಳೆಯ ಯೂನಿಯನ್ನಿನವರು ಅದನ್ನು ನೋಡಿ ಹೆಮ್ಮೆಪಟ್ಟರೆ ಸಾಲದು, ನಾವೆಲ್ಲಿದ್ದೆವು ಎಂದೂ ಕೇಳಿಕೊಳ್ಳಬೇಕಿತ್ತು.

ನಿವೃತ್ತನಾದ ಮೇಲೂ ನಮ್ಮ ಸಂಘದ ವಾರ್ಷಿಕ ಮಹಾಸಭೆಗೆ ಹೋಗುತ್ತೇನೆ. ಮತ ಇಲ್ಲ, ಮಾತಾಡಲು ಬಿಡುತ್ತಾರೆ. ಕಾಂಟ್ರ್ಯಾಕ್ಟ್ ಕಾರ್ಮಿಕರಿಗೂ ಸದಸ್ಯತ್ವ ಕೊಡಿ ಎಂಬುದು ಪ್ರತಿ ಸಲದ ನನ್ನ ಮಾತು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಕಾಯಂನವರು, ಕಾಂಟ್ರ್ಯಾಕ್ಟಿನವರು ಎಂದು ಭೇದ ಮಾಡಿರಲಿಲ್ಲ; ಬಾಗಿಲು ಹಾಕಿರುವುದು ನಮ್ಮದೇ ಬೈಲಾ. ಹೋದ ಸಭೆಯಲ್ಲಿ ಒಬ್ಬ ಕಾಯಂ ನೌಕರ ಎದ್ದು, "ಅವ್ರನ್ನ ಸೇರಿಸ್ಕೊಂಡ್ರೆ ನಮ್ ಒಪ್ಪಂದ ತೆಳ್ಳಗಾಗುತ್ತೆ ಸಾರ್" ಎಂದ. ಅವನ ಹಿಂದಿನ ಸಾಲಿನಿಂದ ಪ್ರೆಸ್ ಶಾಪಿನ ಇನ್ನೊಬ್ಬ ಕೇಳಿದ: "ಅವ್ನ ಬೆರಳು ಹೋದ್ರೆ ಎನ್ಕ್ವೈರಿಗೆ ಯಾರು ಹೋಗ್ತೀರಿ?" ತಿದ್ದುಪಡಿ ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿದೆ. ಅದರ ಕರಡನ್ನು ನನಗೆ ಕಳಿಸಿದ್ದಾರೆ. ಒಂದೊಂದು ಸಾಲನ್ನೂ ಜೋರಾಗಿ ಓದುತ್ತಿದ್ದೇನೆ.