ಚೇತನಕ್ಕೆ ಕುರುಹುಂಟೆ?

ದೇವದುರ್ಗ ತಾಲೂಕಿನ ಗೂಗಲ್ ಕೃಷ್ಣಾ ನದಿಯ ದಂಡೆಯ ಊರು. ಅಲ್ಲಮಪ್ರಭುದೇವರ ಗುಡಿಯಿರುವ ಈ ಕ್ಷೇತ್ರವು ರಾಯಚೂರು, ಮಾನ್ವಿ ಸೀಮೆಯ ಸದ್ಭಕ್ತರಿಗೆ ಚಿರಪರಿಚಿತವಾದುದು. ಅದೇ ನದಿಯ ಆಚೆಗೆ, ಸುರಪುರ ಸೀಮೆಯಲ್ಲಿ ಮುದನೂರು. ನೇಯ್ಗೆಯ ಕಾಯಕದ ದಾಸಿಮಯ್ಯನ ಊರು. ಹೆಣ್ಣು ಗಂಡೆಂಬ ಭೇದವು ದೇಹದ ಕುರುಹಿಗೆ ಸೇರಿದ್ದು, ಚೇತನಕ್ಕಲ್ಲ ಎಂಬುದು ಆತನ ಪ್ರಸಿದ್ಧ ವಚನವೊಂದರ ತಾತ್ಪರ್ಯ. ಪ್ರವಚನಗಳಲ್ಲಿ ಈ ವಚನವನ್ನು ಸಾಮಾನ್ಯವಾಗಿ ಸ್ತ್ರೀಸಮಾನತೆಯ ಮಾತಾಗಿ ವಿವರಿಸಲಾಗುತ್ತದೆ. ಅದು ಸರಿಯಾದ ವಿವರಣೆಯೇ ಹೌದು. ಆದರೆ ಗಂಡೆಂದು ಹೆಸರಿಡಿಸಿಕೊಂಡು ಬೆಳೆದು, ತನ್ನೊಳಗಿರುವುದು ಹೆಣ್ಣೆಂದು ಅರಿತ ಜೀವವೊಂದು ಇದೇ ವಚನವನ್ನು ಕೇಳಿದರೆ ಅದಕ್ಕೆ ಏನು ಅನ್ನಿಸೀತು ಎಂಬ ವಿಚಾರ ಅಪರೂಪ.

ಅಂಥ ಜೀವವೊಂದು ಈ ವಚನವನ್ನು ಕೇಳಿಸಿಕೊಂಡಿದೆ. ಮಂಜಮ್ಮ ಜೋಗತಿಯವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಅವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ್ದಾರೆ. ದಾಸಿಮಯ್ಯನನ್ನು ಬಲ್ಲವರಿಗೆ ಆ ಶೀರ್ಷಿಕೆಯ ಮೂಲ ಯಾವುದೆಂದು ಹೇಳಬೇಕಾಗಿಲ್ಲ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದವರಾದ ಮಂಜಮ್ಮನವರಿಗೆ ಹೆತ್ತವರು ಇಟ್ಟ ಹೆಸರು ಮಂಜುನಾಥ. ಹದಿಹರೆಯದಲ್ಲಿ ಮಗನ ನಡೆನುಡಿ ಹೆಣ್ಣಿನದಾಗಿರುವುದನ್ನು ಕಂಡ ಮನೆಯವರು ಅವರನ್ನು ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. (ಇಂದು ಕೊಪ್ಪಳ ಜಿಲ್ಲೆಯಲ್ಲಿರುವ ಹುಲಿಗಿ 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು, ಈ ಭಾಗದ ಎಷ್ಟೋ ಮನೆಗಳು ಆ ದೇವಿಗೆ ನಡೆದುಕೊಳ್ಳುತ್ತವೆ.) ಅಲ್ಲಿ ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸುತ್ತಾರೆ. ಉಡಿದಾರವು ಗಂಡುಮಗುವಿನ ಸೊಂಟಕ್ಕೆ ತಾಯಿಯೇ ಕಟ್ಟಿದ ದಾರ. ಅದು ಹರಿದಾಗ ಮಗ ಸತ್ತನೆಂಬಂತೆ ಹೆತ್ತವಳು ಅಳುತ್ತಾಳೆ; ಮಂಜಮ್ಮನವರ ತಾಯಿಯೂ ಅತ್ತರು. ದೇವಿಗೆ ಒಪ್ಪಿಸಿದ ಮೇಲೆ ಮಗು ದೇವಿಯದು, ಮನೆಯದಲ್ಲ. ಇದನ್ನು ಸಮಾಜವು ಅವರಿಗೆ ಕೊಟ್ಟ ಗೌರವವೆಂದು ಹೇಳುವವರಿದ್ದಾರೆ. ಗೌರವ ಇಲ್ಲವೆಂದಲ್ಲ, ಪಡಲಿಗೆ ಹೊತ್ತು ಬಂದ ಜೋಗಪ್ಪನಿಗೆ ಮೊರದಲ್ಲಿ ಜೋಳ ತಂದು ನೀಡಿ ಕೈಮುಗಿಯುತ್ತಾರೆ. ಆದರೆ ಆ ಗೌರವ ಹೊಸ್ತಿಲಿನ ಹೊರಗಿನದು. ಕೈಮುಗಿದವರೇ ಆ ಜೋಗಪ್ಪನಿಗೆ ಬಾಡಿಗೆಗೆ ಒಂದು ಕೋಣೆ ಕೊಡಲು ಹಿಂಜರಿಯುತ್ತಾರೆ. ಹಡೆದ ಮನೆಯೊಳಗೆ ಇಲ್ಲದ ಜಾಗವನ್ನು ಗುಡಿಯ ಮುಂದಿನ ಜಾಗ ತುಂಬಿಕೊಡುವುದಿಲ್ಲ.

ಮಂಜಮ್ಮನವರು ಆ ನೋವಿನಲ್ಲಿ ವಿಷವನ್ನೂ ಕುಡಿದು ಬದುಕುಳಿದವರು. ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ದಾವಣಗೆರೆಯಲ್ಲಿ ತಂದೆ ಮಗ ಜೋಗತಿ ಕುಣಿತ ಕುಣಿಯುವುದನ್ನು ಕಂಡು ಅದನ್ನು ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನಾಡೇ ನೋಡಿತು.

ಈ ಕಳಂಕಕ್ಕೆ ಒಮ್ಮೆ ಕಾಯಿದೆಯ ಬಲವೂ ಇತ್ತು. ರಾಯಚೂರು ಸೀಮೆಯನ್ನೂ ಒಳಗೊಂಡಿದ್ದ ನಿಜಾಮರ ರಾಜ್ಯದಲ್ಲಿ 1919ರಲ್ಲಿ ಒಂದು ಕಾನೂನು ಬಂದಿತು. ಇಂಥವರ ಹೆಸರುಗಳನ್ನು ದಫ್ತರಿನಲ್ಲಿ ಬರೆದಿಡುವುದು, ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯುವುದು ಅದರ ವಿಧಿಗಳು. ತೆಲಂಗಾಣ ಹೈಕೋರ್ಟು ಅದನ್ನು ರದ್ದುಪಡಿಸಿದ್ದು 2023ರಲ್ಲಿ. ತೃತೀಯ ಲಿಂಗಿಗಳ ಹಕ್ಕನ್ನು ಸುಪ್ರೀಂ ಕೋರ್ಟು 2014ರಲ್ಲಿ ಮಾನ್ಯ ಮಾಡಿತು. ಒಂದೇ ಲಿಂಗದವರ ನಡುವಿನ ಪ್ರೀತಿ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸಾರಿತು. ಈ ಎರಡನೆಯವರಿಗೆ ಮುತ್ತಿಲ್ಲ, ಪಡಲಿಗೆಯೂ ಇಲ್ಲ. ಅವರನ್ನು ಮೌನವಾಗಿ ಮದುವೆ ಮಾಡಿಬಿಡುವುದೇ ಹಳ್ಳಿಗಳ ರೂಢಿ. ಅದರಿಂದ ಇಬ್ಬರ ಬಾಳು ಕೆಡುತ್ತದೆ.

ಶರಣ ಪರಂಪರೆಯಲ್ಲಿ ಗಂಡಾಗಿ ಹುಟ್ಟಿದವರು ಹೆಣ್ಣಾಗಿ ನುಡಿಯುವುದು ಹೊಸತೇನಲ್ಲ. ಶರಣಸತಿ ಲಿಂಗಪತಿ ಎಂಬ ಭಾವ ಇಡೀ ಪರಂಪರೆಯದು. ಉರಿಲಿಂಗದೇವನಂತೂ ಲಿಂಗದ ವಿರಹದಲ್ಲಿ ಬೆಂದ ಸತಿಯಾಗಿಯೇ ಮಾತನಾಡುತ್ತಾನೆ. ಅದು ಭಕ್ತಿಯ ಭಾವ, ಇದು ಬಾಳಿನ ಸ್ಥಿತಿ. ಎರಡೂ ಒಂದೇ ಎನ್ನುವಂತಿಲ್ಲ. ಆದರೂ ಆ ವಚನಗಳನ್ನು ಕೇಳಿ ಕಣ್ಣೀರು ತುಂಬಿಕೊಂಡ ಭಕ್ತನು ಗುಡಿಯಿಂದ ಮರಳುವಾಗ ಬಸ್‌ ನಿಲ್ದಾಣದಲ್ಲಿ ಸೀರೆಯುಟ್ಟು ನಿಂತವರನ್ನು ಕಂಡು ನಕ್ಕರೆ, ಆತ ಕೇಳಿದ್ದೇನು?

ಕರ್ನಾಟಕ ಸರಕಾರವು 2021ರಲ್ಲಿ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇ. 1ರಷ್ಟು ಮೀಸಲಾತಿ ನೀಡಿತು. ಮರುವರ್ಷ ಪ್ರಕಟವಾದ ಪ್ರಾಥಮಿಕ ಶಾಲಾ ಶಿಕ್ಷಕರ ಆಯ್ಕೆಪಟ್ಟಿಯಲ್ಲಿ ಅಂಥ ಮೂವರ ಹೆಸರುಗಳಿದ್ದವು. ಅವರಲ್ಲೊಬ್ಬರು ಮಾನ್ವಿ ತಾಲೂಕಿನವರು, ಯಲ್ಲಮ್ಮನ ಜಾತ್ರೆಗೆ ಹೆಸರಾದ ನೀರಮಾನ್ವಿಯವರು. ಆ ಜಾತ್ರೆಗೆ ಪಡಲಿಗೆ ಹೊತ್ತು ಬರುವವರನ್ನು ಊರು ಬಹುಕಾಲದಿಂದ ಬಲ್ಲದು. ಮಕ್ಕಳನ್ನು ಕೈಹಿಡಿದು ಶಾಲೆಗೆ ಕಳಿಸಿ, ಒಳಗೆ ಪಾಠ ಹೇಳುವವರಿಗೆ ಟೀಚರ್ರೇ ಎಂದು ಕರೆಯುವ ಸರದಿ ಈಗ ಈ ಸೀಮೆಗೆ ಬಂದಿದೆ.